ಸೀಟು ಸಿಕ್ಕಿತು, ಸಾಲ ಎಷ್ಟು ಮಾಡಬಹುದು? ಫೀಸು, ಬಡ್ಡಿ, ತೆರಿಗೆಯ ಲೆಕ್ಕ ಹೀಗೆ ಹಾಕಿ

ಸಿಇಟಿ ರ‍್ಯಾಂಕ್ ಬಂದ ವಾರ ಮನೆಗೆ ಬರುವ ನೆಂಟರು ಒಂದು ಮಾತು ಹೇಳಿಯೇ ಹೋಗುತ್ತಾರೆ: "ದುಡ್ಡಿಗೇನು, ಎಜುಕೇಶನ್ ಲೋನ್ ಸಿಗುತ್ತಲ್ಲ, ಟ್ಯಾಕ್ಸ್ ಬೇರೆ ಉಳಿಯುತ್ತೆ." ಲೋನ್ ಸಿಗುತ್ತದೆ, ಅದು ನಿಜ. ಟ್ಯಾಕ್ಸ್ ಉಳಿಯುವ ಮಾತು ಮಾತ್ರ ಈಗ ಬಹಳಷ್ಟು ಮನೆಗಳಿಗೆ ಅನ್ವಯಿಸುವುದೇ ಇಲ್ಲ. ಯಾಕೆ ಅಂತ ಲೆಕ್ಕ ಸಮೇತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ವಿಷಯ. ನಮ್ಮಲ್ಲಿ ಓದಿನ ಸಾಲದ ಲೆಕ್ಕವನ್ನು ಎಲ್ಲರೂ ಫೀಸಿನಿಂದ ಶುರು ಮಾಡುತ್ತಾರೆ. ವರ್ಷಕ್ಕೆ ಇಷ್ಟು ಫೀಸು, ನಾಲ್ಕು ವರ್ಷಕ್ಕೆ ಇಷ್ಟು, ಅಷ್ಟು ಸಾಲ ಬೇಕು, ಮುಗಿಯಿತು. ಲೆಕ್ಕ ಶುರುವಾಗಬೇಕಾದ್ದು ಇನ್ನೊಂದು ತುದಿಯಿಂದ. ಓದು ಮುಗಿದ ಮೇಲೆ ಬರುವ ಸಂಬಳ ಎಷ್ಟು, ಅದರಲ್ಲಿ ಎಷ್ಟು ಕಂತು ಕಟ್ಟಲು ಆದೀತು, ಆ ಕಂತಿಗೆ ಎಷ್ಟು ಸಾಲ ಸರಿ. ಯಾಕೆಂದರೆ ನಮ್ಮ ದೇಶದ ಸಾಲಕ್ಕೆ ನಿಮ್ಮ ಮಗನಿಗೆ ಕೆಲಸ ಸಿಕ್ಕಿದೆಯೋ ಇಲ್ಲವೋ ಅನ್ನುವುದು ಗೊತ್ತಾಗುವುದಿಲ್ಲ. ದಿನ ಬಂತು ಅಂದರೆ ಕಂತು ಶುರು.

ಮೊದಲು ಸಂಬಳ, ಆಮೇಲೆ ಸಾಲ

ಕಾಲೇಜಿನ ಬ್ರೋಷರ್‌ನಲ್ಲಿ "ಅತಿ ಹೆಚ್ಚು ಪ್ಯಾಕೇಜ್ 40 ಲಕ್ಷ" ಅಂತ ದೊಡ್ಡದಾಗಿ ಹಾಕಿರುತ್ತಾರೆ. ಅದು ಒಬ್ಬನದು. ನಿಮಗೆ ಬೇಕಾದ್ದು ನಡುವಿನವನ ಸಂಬಳ. ಅದನ್ನು ಪತ್ತೆ ಮಾಡಲು ಒಳ್ಳೆಯ ದಾರಿ ಇದೆ, ಆದರೂ ಅದನ್ನು ಯಾರೂ ಬಳಸುವುದಿಲ್ಲ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಕಾಲೇಜುಗಳು ಆ ವರ್ಷ ಎಷ್ಟು ಜನ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಅವರ ಮೀಡಿಯನ್ ಸಂಬಳ ಎಷ್ಟು ಅನ್ನುವ ಮಾಹಿತಿ ಕೊಡಬೇಕು. ಆ ಪಿಡಿಎಫ್ ಕಾಲೇಜಿನ ವೆಬ್‌ಸೈಟಿನಲ್ಲೇ ಇರುತ್ತದೆ, ಸಾಮಾನ್ಯವಾಗಿ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ. ಅದನ್ನು ತೆರೆದು ನೋಡಿ. ಮೀಡಿಯನ್ ಅನ್ನುವುದು ಕೆಲಸ ಸಿಕ್ಕವರ ನಡುವಿನ ಲೆಕ್ಕ, ಸಿಗದವರು ಅದರಲ್ಲಿ ಬರುವುದೇ ಇಲ್ಲ, ಇದನ್ನೂ ಮರೆಯಬೇಡಿ. 300 ಜನ ಪಾಸಾಗಿ 120 ಜನರಿಗೆ ಕೆಲಸ ಸಿಕ್ಕಿದ್ದರೆ, ಮೀಡಿಯನ್ ಎಷ್ಟೇ ಚೆನ್ನಾಗಿರಲಿ, ನಿಮ್ಮ ಮಗು ಆ 120ರಲ್ಲಿ ಇರುತ್ತದೆ ಅಂತ ಬರೆದುಕೊಟ್ಟವರು ಯಾರು?

ಪಿಡಿಎಫ್ ಇಲ್ಲದಿದ್ದರೆ ಎರಡು ವರ್ಷ ಹಿಂದೆ ಅದೇ ಬ್ರಾಂಚ್‌ನಲ್ಲಿ ಪಾಸಾದ ನಾಲ್ಕೈದು ಹುಡುಗರನ್ನು ಹುಡುಕಿ ಕೇಳಿ. ಪ್ಯಾಕೇಜ್ ಕೇಳಬೇಡಿ, ಕೈಗೆ ಬರುವುದೆಷ್ಟು ಅಂತ ಕೇಳಿ. ವರ್ಷಕ್ಕೆ 4 ಲಕ್ಷ ಅಂತ ಹೇಳುವ ಕೆಲಸದಲ್ಲಿ ಪಿಎಫ್, ಅದು ಇದು ಕಳೆದು ಕೈಗೆ ಬರುವುದು 30 ಸಾವಿರದೊಳಗೆ.

ಕೈಗೆ ಬರುವ ಸಂಬಳದ ಕಾಲು ಭಾಗಕ್ಕಿಂತ ಜಾಸ್ತಿ ಕಂತು ಇರಬಾರದು ಅನ್ನುವುದು ನನ್ನ ಲೆಕ್ಕ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕಟ್ಟಿ, ಊಟ ಮಾಡಿ, ಮನೆಗೂ ಒಂದಿಷ್ಟು ಕಳಿಸಬೇಕಾದ ಹುಡುಗಿಗೆ ಕಾಲು ಭಾಗವೂ ಭಾರವೇ. ಕೈಗೆ 25 ಸಾವಿರ ಬರುತ್ತದೆ ಅಂತಿಟ್ಟುಕೊಳ್ಳಿ. ಕಾಲು ಭಾಗ 6,250 ರೂಪಾಯಿ. ಶೇ 10ರ ಬಡ್ಡಿ, 10 ವರ್ಷದ ಅವಧಿ ಅಂದರೆ ಪ್ರತಿ 1 ಲಕ್ಷ ಸಾಲಕ್ಕೆ ತಿಂಗಳ ಕಂತು ಸುಮಾರು 1,322 ರೂಪಾಯಿ. 6,250ನ್ನು ಅದರಿಂದ ಭಾಗಿಸಿದರೆ 4.7 ಲಕ್ಷ. ಆದರೆ ಇದು ಕಂತು ಶುರುವಾಗುವ ದಿನ ಇರಬೇಕಾದ ಬಾಕಿ. ಓದುವ ಕಾಲದಲ್ಲಿ ಬೆಳೆದ ಬಡ್ಡಿಯೂ ಅದರೊಳಗೇ ಬರುತ್ತದೆ. ನಾಲ್ಕು ವರ್ಷದ ಕೋರ್ಸಿಗೆ ಆ ಬಾಕಿಯನ್ನು 1.35ರಿಂದ ಭಾಗಿಸಿ. ಸುಮಾರು 3.5 ಲಕ್ಷ. 25 ಸಾವಿರ ಸಂಬಳದ ನಿರೀಕ್ಷೆ ಇರುವ ಕೋರ್ಸಿಗೆ ನೀವು ಮಾಡಬಹುದಾದ ಸಾಲ ಅಷ್ಟೇ. ಕಾಲೇಜಿನ ಫೀಸು 12 ಲಕ್ಷ ಇದ್ದರೆ ಒಂದೋ ಉಳಿದದ್ದು ಕೈಯಿಂದ ಬರಬೇಕು, ಇಲ್ಲವೇ ಆ ಕಾಲೇಜು ನಿಮಗಲ್ಲ. ಕಹಿ ಮಾತು, ಆದರೆ ಆಪ್ಶನ್ ಎಂಟ್ರಿ (ಬೇಕಾದ ಕಾಲೇಜುಗಳ ಪಟ್ಟಿ) ಮಾಡುವ ಮುಂಚೆಯೇ ಕೇಳಿಸಿಕೊಳ್ಳುವುದು ಒಳ್ಳೆಯದು.

1.35 ಎಲ್ಲಿಂದ ಬಂತು? ವರ್ಷಕ್ಕೆ 2 ಲಕ್ಷದಂತೆ 4 ವರ್ಷ, ಒಟ್ಟು 8 ಲಕ್ಷ ಸಾಲ ಅಂತಿಟ್ಟುಕೊಳ್ಳಿ. ಕೋರ್ಸ್ ಮುಗಿದ ಮೇಲೆ ಒಂದು ವರ್ಷ ಕಂತು ಇರುವುದಿಲ್ಲ. ಇದಕ್ಕೆ ಮೊರಟೋರಿಯಂ ಅನ್ನುತ್ತಾರೆ. ಕಂತು ಇಲ್ಲ ಅಷ್ಟೇ, ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ ವರ್ಷದ 2 ಲಕ್ಷಕ್ಕೆ 5 ವರ್ಷದ ಬಡ್ಡಿ, ಎರಡನೆಯದಕ್ಕೆ 4, ಆಮೇಲೆ 3, ಕೊನೆಯದಕ್ಕೆ 2 ವರ್ಷ. ಸರಳ ಬಡ್ಡಿ ಶೇ 10 ಅಂದರೂ ಒಟ್ಟು 2.8 ಲಕ್ಷ. ಕಂತು ಶುರುವಾಗುವ ದಿನ ಬಾಕಿ 10.8 ಲಕ್ಷ. ಇಲ್ಲಿಂದ 10 ವರ್ಷ ಕಟ್ಟಿದರೆ ತಿಂಗಳಿಗೆ 14,272 ರೂಪಾಯಿ, ಕೊನೆಗೆ ಕಟ್ಟಿದ್ದು ಒಟ್ಟು 17.1 ಲಕ್ಷ. ಕಂತು ಕಡಿಮೆಯಾಗಲಿ ಅಂತ 15 ವರ್ಷ ಮಾಡಿಕೊಂಡರೆ 11,606 ರೂಪಾಯಿ, ಒಟ್ಟು 20.9 ಲಕ್ಷ. 8 ಲಕ್ಷದ ಓದಿಗೆ ಸುಮಾರು 21 ಲಕ್ಷ!

ಓದುವಾಗಲೇ ಬಡ್ಡಿ ಮಾತ್ರ ಕಟ್ಟುತ್ತಾ ಹೋಗಲು ಸಾಧ್ಯವಾದರೆ ಖಂಡಿತ ಕಟ್ಟಿ. ಮೊದಲ ವರ್ಷ ತಿಂಗಳಿಗೆ 1,667 ರೂಪಾಯಿ, ಎರಡನೇ ವರ್ಷ 3,333, ಹೀಗೆ ಏರುತ್ತದೆ. ಐದು ವರ್ಷದಲ್ಲಿ ಆ 2.8 ಲಕ್ಷ ಕಟ್ಟಿದರೆ ಕಂತು 10,572ಕ್ಕೆ ಇಳಿಯುತ್ತದೆ. ಹತ್ತು ವರ್ಷದ ಕಂತಿನಲ್ಲಿ ಉಳಿಯುವುದು 4.4 ಲಕ್ಷ, ಮೊದಲೇ ಕಟ್ಟಿದ 2.8 ಲಕ್ಷ ಕಳೆದರೂ 1.6 ಲಕ್ಷ ಲಾಭ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಸಾಲ ಯೋಜನೆಯಲ್ಲಿ ಹೀಗೆ ಬಡ್ಡಿ ಕಟ್ಟುವವರಿಗೆ ಆ ಅವಧಿಗೆ ಶೇ 1ರ ರಿಯಾಯಿತಿ ಕೊಡುವ ಅವಕಾಶವೂ ಇದೆ. ಕೇಳದಿದ್ದರೆ ಯಾರೂ ಅದನ್ನು ಹೇಳುವುದಿಲ್ಲ.

ಸಾಲಕ್ಕೆ ಮುಂಚೆ ತಟ್ಟಬೇಕಾದ ಬಾಗಿಲುಗಳು

ಕರ್ನಾಟಕದಲ್ಲಿ ಒಂದೇ ಕಾಲೇಜಿನ ಒಂದೇ ಬೆಂಚಿನಲ್ಲಿ ಕೂತ ಮೂವರು ಮೂರು ಥರದ ಫೀಸು ಕಟ್ಟಿರುತ್ತಾರೆ. ಒಬ್ಬ ಕೆಇಎ (ಸಿಇಟಿ ನಡೆಸುವ ರಾಜ್ಯದ ಪರೀಕ್ಷಾ ಪ್ರಾಧಿಕಾರ) ಮೂಲಕ ಸರ್ಕಾರಿ ಕೋಟಾ, ಇನ್ನೊಬ್ಬಳು ಕಾಮೆಡ್‌-ಕೆ (ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆ), ಮತ್ತೊಬ್ಬ ಮ್ಯಾನೇಜ್‌ಮೆಂಟ್ (ಕಾಲೇಜೇ ನೇರವಾಗಿ ತುಂಬುವ ಸೀಟು). ಸರ್ಕಾರಿ ಕೋಟಾದಲ್ಲೇ ಎಸ್‌ಎನ್‌ಕ್ಯೂ ಅಂತ ಇನ್ನೊಂದಿದೆ. ಮಂಜೂರಾದ ಸೀಟುಗಳ ಮೇಲೆ ಶೇ 5 ಹೆಚ್ಚುವರಿ ಸೀಟು. ಮನೆಯ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರುವವರಿಗೆ ಅದರಲ್ಲಿ ಬೋಧನಾ ಶುಲ್ಕವೇ ಇಲ್ಲ, ಉಳಿದ ಸಣ್ಣಪುಟ್ಟ ಶುಲ್ಕ ಮಾತ್ರ. ಸಿಇಟಿ ಅರ್ಜಿಯಲ್ಲೇ ಅದನ್ನು ಕೇಳಿರಬೇಕು, ಆದಾಯ ಪ್ರಮಾಣಪತ್ರ ಸರಿಯಾಗಿರಬೇಕು. ಎಷ್ಟೋ ಜನ ಆ ಕಾಲಂ ಖಾಲಿ ಬಿಟ್ಟು ಆಮೇಲೆ ಪರದಾಡುತ್ತಾರೆ. ನಾಡಕಚೇರಿಯ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ, ಅದು ಮುಗಿದಿದೆಯಾ ಅಂತ ಅರ್ಜಿ ಹಾಕುವ ಮುಂಚೆಯೇ ನೋಡಿಕೊಳ್ಳಿ.

ಐಐಟಿ ಸಿಕ್ಕಿದವರು ಫೀಸು ನೋಡಿ ಹೆದರಬೇಡಿ. 2016ರಲ್ಲಿ ಅಲ್ಲಿನ ವಾರ್ಷಿಕ ಬೋಧನಾ ಶುಲ್ಕವನ್ನು 90 ಸಾವಿರದಿಂದ 2 ಲಕ್ಷಕ್ಕೆ ಏರಿಸಿದರು, ಆದರೆ ಪರಿಶಿಷ್ಟ ಜಾತಿ, ಪಂಗಡ, ಅಂಗವಿಕಲ ವಿದ್ಯಾರ್ಥಿಗಳಿಗೆ ಮತ್ತು ಮನೆಯ ಆದಾಯ 1 ಲಕ್ಷದೊಳಗಿರುವವರಿಗೆ ಅದು ಪೂರ್ತಿ ಮಾಫಿ. 1ರಿಂದ 5 ಲಕ್ಷದವರಿಗೆ ಮೂರರಲ್ಲಿ ಎರಡು ಪಾಲು ಮಾಫಿ.

ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ವಿದ್ಯಾಸಿರಿ (ಹಾಸ್ಟೆಲ್ ಸಿಗದವರಿಗೆ ಊಟ-ವಸತಿ ನೆರವು), ಇವುಗಳಿಗೆ ಪ್ರತಿ ವರ್ಷ ಅರ್ಜಿ ಹಾಕಬೇಕು. ಒಮ್ಮೆ ಹಾಕಿ ಸುಮ್ನೆ ಕೂತರೆ ಆಗದು. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ನಿಗಮಗಳಲ್ಲಿ 'ಅರಿವು' ಅನ್ನುವ ಸಾಲ ಇದೆ. ಬಡ್ಡಿ ಶೇ 2ರ ಆಸುಪಾಸು, ಅಂದರೆ ಬ್ಯಾಂಕಿನ ಐದರಲ್ಲೊಂದು ಪಾಲು. ಬ್ಯಾಂಕಿಗೆ ಹೋಗುವ ಮುಂಚೆ ಇಲ್ಲಿಗೆ ಹೋಗಬೇಕು. ನಾವು ಉಲ್ಟಾ ಮಾಡುತ್ತೇವೆ. ಹತ್ತನೇ ತರಗತಿ, ಹನ್ನೆರಡನೇ ತರಗತಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30 ಸಾವಿರ ಕೊಡುತ್ತದೆ. ಇದು ಸಾಲ ಅಲ್ಲ, ವಾಪಸ್ ಕೊಡಬೇಕಿಲ್ಲ.

ಇನ್ನು ಡೊನೇಶನ್. ಕರ್ನಾಟಕದಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆ 1984ರಿಂದಲೇ ಇದೆ. ಆದರೂ ರಶೀದಿ ಇಲ್ಲದ ದುಡ್ಡು ಓಡಾಡುತ್ತದೆ ಅನ್ನುವುದು ನಿಮಗೂ ಗೊತ್ತು ನನಗೂ ಗೊತ್ತು. ಬ್ಯಾಂಕು ರಶೀದಿ ಇರುವ ಫೀಸಿಗಷ್ಟೇ ಸಾಲ ಕೊಡುತ್ತದೆ. ಡೊನೇಶನ್‌ಗೆ ದುಡ್ಡು ಹೊಂದಿಸಲು ಅಮ್ಮನ ಬಂಗಾರ ಹೋಗುತ್ತದೆ, ಇಲ್ಲವೇ ಕೈಸಾಲ ಬರುತ್ತದೆ. ಸೀಟು ಬಿಟ್ಟರೆ ಆ ದುಡ್ಡು ವಾಪಸ್ ಕೇಳಲು ನಿಮ್ಮ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

"ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಓದ್ತಾರೆ" ಅನ್ನುವ ಮಾವನಿಗೆ ಏನು ಹೇಳುವುದು

ಸರ್ಕಾರಿ ಸೀಟು ತಗೊಂಡರೆ ಯಾರೋ ಒಬ್ಬರು ಈ ಮಾತು ಎತ್ತುತ್ತಾರೆ. ಉತ್ತರ ಗೊತ್ತಿರಲಿ, ಯಾಕೆಂದರೆ ಈ ಜಗಳದ ದೊಡ್ಡ ಅಧ್ಯಾಯಗಳೆಲ್ಲ ನಮ್ಮ ರಾಜ್ಯದ್ದೇ.

1989ರಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಮೆಡಿಕಲ್ ಕಾಲೇಜುಗಳ ಫೀಸು ನಿಗದಿ ಮಾಡಿತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ರಾಜ್ಯದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿವರೆಗೆ. ತುಮಕೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ 60,000 ಕಟ್ಟಲಾಗದೆ ಸೀಟು ಕಳೆದುಕೊಂಡ ಉತ್ತರ ಪ್ರದೇಶದ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದರು. 1992ರ ಮೋಹಿನಿ ಜೈನ್ ತೀರ್ಪು ಅಂದರೆ ಇದೇ. ಶಿಕ್ಷಣ ಹಕ್ಕು, ಕ್ಯಾಪಿಟೇಶನ್ ಶುಲ್ಕ ತಪ್ಪು ಅಂತ ಕೋರ್ಟು ಹೇಳಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅರ್ಧ ಸೀಟು 'ಫ್ರೀ', ಅರ್ಧ 'ಪೇಮೆಂಟ್' ಅನ್ನುವ ಪದ್ಧತಿ ಬಂತು. ಅಂದರೆ ದುಡ್ಡು ಕಟ್ಟಿದವನು ಕಟ್ಟದವನ ಖರ್ಚನ್ನೂ ಹೊರಬೇಕು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಅದನ್ನು ತೆಗೆದುಹಾಕಿತು. ಅನುದಾನ ಪಡೆಯದ ಖಾಸಗಿ ಕಾಲೇಜು ತನ್ನ ಫೀಸು ತಾನು ನಿಗದಿ ಮಾಡಬಹುದು, ಸ್ವಲ್ಪ ಮಿಗಿಸಿಕೊಳ್ಳಬಹುದು, ಲೂಟಿ ಮಾಡುವಂತಿಲ್ಲ. ಸ್ವಲ್ಪ ಎಷ್ಟು, ಲೂಟಿ ಎಷ್ಟು? ಮರುವರ್ಷ ಮತ್ತೆ ಕರ್ನಾಟಕದ್ದೇ ಪ್ರಕರಣದಲ್ಲಿ, ಅದನ್ನು ನೋಡಲು ನಿವೃತ್ತ ನ್ಯಾಯಮೂರ್ತಿಗಳ ಸಮಿತಿ ಇರಲಿ ಅಂದರು. ಅಲ್ಲಿಂದ ಇಲ್ಲಿವರೆಗೆ ಸರ್ಕಾರ ಮತ್ತು ಕಾಲೇಜುಗಳು ಕೂತು ಚೌಕಾಸಿ ಮಾಡಿ ಸೀಟು ಹಂಚಿಕೆ, ಫೀಸು ಒಪ್ಪಿಕೊಳ್ಳುವುದು ನಡೆದೇ ಇದೆ. ಫೀಸು ಏರಿದ ಸುದ್ದಿ ಕೌನ್ಸೆಲಿಂಗ್ ಹೊತ್ತಿಗೇ ಬರುವುದು ಅದಕ್ಕೇ. ನಿಮ್ಮ ಲೆಕ್ಕದಲ್ಲಿ ಕಳೆದ ವರ್ಷದ ಫೀಸಿನ ಮೇಲೆ ಶೇ 10 ಜಾಸ್ತಿ ಹಿಡಿದುಕೊಳ್ಳಿ.

ಈಗ ಮಾವನ ಮಾತು. ಟ್ಯಾಕ್ಸ್ ಕಟ್ಟುವವರು ಆದಾಯ ತೆರಿಗೆ ಕಟ್ಟುವವರು ಮಾತ್ರ ಅಲ್ಲ. ಸೋಪು, ಚಪ್ಪಲಿ, ಮೊಬೈಲ್ ರೀಚಾರ್ಜ್ ಎಲ್ಲದಕ್ಕೂ ಜಿಎಸ್‌ಟಿ ಇದೆ, ಗಾರೆ ಕೆಲಸದವನೂ ಕಟ್ಟುತ್ತಾನೆ. ಅವನ ಮಗಳು ಸರ್ಕಾರಿ ಸೀಟಿನಲ್ಲಿ ಓದಿದರೆ ಅದು ಅವಳ ಅಪ್ಪನ ದುಡ್ಡೂ ಹೌದು. ಆದಾಯ ತೆರಿಗೆಯ ಮೇಲೆ ಓದಿನ ಹೆಸರಿನಲ್ಲೇ ಸೆಸ್ ಇದೆ. 2004ರಲ್ಲಿ ಶೇ 2 ಅಂತ ಶುರುವಾಯಿತು, ಆಮೇಲೆ 3 ಆಯಿತು, 2018ರಿಂದ ಆರೋಗ್ಯವನ್ನೂ ಸೇರಿಸಿ ಶೇ 4. ಮಾವ ಅದನ್ನು ಕಟ್ಟುತ್ತಿದ್ದರೆ ಸಂತೋಷ, ಓದಿಗೆ ಅಂತಲೇ ಕಟ್ಟುತ್ತಿದ್ದಾರೆ.

ಆದರೆ ಮಾವನ ಮಾತಿನಲ್ಲಿ ಒಂದು ಹುರುಳಿದೆ, ಅದನ್ನೂ ಒಪ್ಪಬೇಕು. ಲಕ್ಷಗಟ್ಟಲೆ ಕೊಟ್ಟು ಕೋಚಿಂಗ್ ಮಾಡಿಸಿ, ಅದಕ್ಕೆ ಶೇ 18 ಜಿಎಸ್‌ಟಿಯನ್ನೂ ಕಟ್ಟಿ, ಆಮೇಲೆ ಅಗ್ಗದ ಸರ್ಕಾರಿ ಸೀಟು ಹಿಡಿಯುವ ಮನೆಗಳಿವೆ. ರ‍್ಯಾಂಕ್ ಸಾಲದ ಹಳ್ಳಿ ಹುಡುಗ ದುಬಾರಿ ಸೀಟಿಗೆ ಸಾಲ ಮಾಡುತ್ತಾನೆ. ಇದ್ದವರಿಗೆ ಅಗ್ಗ, ಇಲ್ಲದವರಿಗೆ ತುಟ್ಟಿ. ಇದಕ್ಕೆ ಮದ್ದು ಎಲ್ಲರ ಫೀಸನ್ನೂ ಏರಿಸುವುದು ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದಾಯ ನೋಡಿ ಮಾಫಿ ಕೊಡುವ ಎಸ್‌ಎನ್‌ಕ್ಯೂ ಥರದ ಸೀಟು ಶೇ 5ಕ್ಕೆ ನಿಲ್ಲಬಾರದು.

ಬ್ಯಾಂಕಿನ ಮೇಜಿನ ಮುಂದೆ

4 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಇಲ್ಲ, ಬೇರೆಯವರ ಜಾಮೀನೂ ಇಲ್ಲ. ಅಪ್ಪ ಅಥವಾ ಅಮ್ಮ ಜಂಟಿ ಸಾಲಗಾರರಾಗಿ ಸಹಿ ಹಾಕಿದರೆ ಸಾಕು. ಕೇಂದ್ರದ ಸಾಲ ಖಾತ್ರಿ ನಿಧಿಯಡಿ 7.5 ಲಕ್ಷದವರೆಗೂ ಅಡಮಾನವಿಲ್ಲದೆ ಕೊಡಬಹುದು. ಅದಕ್ಕೂ ಮೇಲೆ ಹೋದರೆ ಸಾಮಾನ್ಯವಾಗಿ ಸೈಟು, ಮನೆ ಅಥವಾ ಎಫ್‌ಡಿ ಕೇಳುತ್ತಾರೆ. 4 ಲಕ್ಷ ದಾಟಿದರೆ ಭಾರತದ ಓದಿಗೆ ಶೇ 5, ವಿದೇಶಕ್ಕೆ ಶೇ 15 ನೀವು ಕೈಯಿಂದ ಹಾಕಬೇಕು. ಇದನ್ನು ಮಾರ್ಜಿನ್ ಅನ್ನುತ್ತಾರೆ. ಸ್ಕಾಲರ್‌ಶಿಪ್ ದುಡ್ಡನ್ನೂ ಇದರಲ್ಲಿ ತೋರಿಸಬಹುದು.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಎನ್‌ಐಆರ್‌ಎಫ್ ಆಧಾರದ ಮೇಲೆ ಪಟ್ಟಿ ಮಾಡಿದ ಸಂಸ್ಥೆಗಳಲ್ಲಿ (ಶುರುವಿನಲ್ಲಿ 860) ಸೀಟು ಸಿಕ್ಕವರಿಗೆ ಅಡಮಾನ, ಜಾಮೀನು ಎರಡೂ ಇಲ್ಲದ ಸಾಲ. ಮನೆಯ ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಪಡೆಯದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಮೊರಟೋರಿಯಂ ಅವಧಿಯಲ್ಲಿ ಶೇ 3 ಬಡ್ಡಿ ಸರ್ಕಾರದ್ದು. ಆದರೆ ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ. ಆದಾಯ 4.5 ಲಕ್ಷದೊಳಗಿದ್ದು ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಆದರೆ 2009ರಿಂದ ಇರುವ ಹಳೆಯ ಬಡ್ಡಿ ಸಬ್ಸಿಡಿ ಯೋಜನೆಯಲ್ಲಿ ಆ ಅವಧಿಯ ಪೂರ್ತಿ ಬಡ್ಡಿಯೇ ಮಾಫಿ. ಮೇಲಿನ ಲೆಕ್ಕದ 2.8 ಲಕ್ಷ ನೆನಪಿದೆಯಾ? ಅಷ್ಟೂ ಸರ್ಕಾರ ಕಟ್ಟುತ್ತದೆ. ತೆರಿಗೆ ವಿನಾಯಿತಿಗಿಂತ ನೂರು ಪಾಲು ದೊಡ್ಡ ಉಪಕಾರ ಇದು. ಆದರೂ ಬ್ಯಾಂಕಿನಲ್ಲಿ ಸಾಲ ಮಂಜೂರಾದರೆ ಸಾಕಪ್ಪಾ ಅಂತ ಜನ ಸಬ್ಸಿಡಿ ಅರ್ಜಿ ಹಾಕದೇ ಬರುತ್ತಾರೆ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇವು ದಕ್ಕುವುದಿಲ್ಲ. ಆ ಸೀಟಿನ ಬೆಲೆ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ.

ಸಹಿ ಹಾಕುವ ಮುಂಚೆ ಕೇಳಬೇಕಾದ್ದು: ಓದುವ ಕಾಲದ ಬಡ್ಡಿ ಸರಳವೋ ಚಕ್ರಬಡ್ಡಿಯೋ? ಬಡ್ಡಿ ದರ ಎಷ್ಟು ತಿಂಗಳಿಗೊಮ್ಮೆ ಬದಲಾಗುತ್ತದೆ? ಪ್ರೊಸೆಸಿಂಗ್ ಶುಲ್ಕ ಎಷ್ಟು? ಹುಡುಗಿಯರಿಗೆ ಬಡ್ಡಿಯಲ್ಲಿ ರಿಯಾಯಿತಿ ಇದೆಯಾ? (ಕೆಲವು ಬ್ಯಾಂಕುಗಳಲ್ಲಿ ಇದೆ.) ಕಾಲೇಜು ಗೇಟಿನಲ್ಲಿ ಟೇಬಲ್ ಹಾಕಿಕೊಂಡು ಕೂರುವ ಫೈನಾನ್ಸ್ ಕಂಪನಿಗಳ ವಿಷಯದಲ್ಲಿ ಮೊದಲ ಪ್ರಶ್ನೆ ಎರಡು ಸಲ ಕೇಳಿ. ಎರಡು ದಿನದಲ್ಲಿ ಸಾಲ ಕೊಡುತ್ತಾರೆ ಅನ್ನುವುದೇನೋ ಸರಿ, ಬಡ್ಡಿ ಎರಡು ದಿನದಲ್ಲಿ ಮುಗಿಯುವುದಿಲ್ಲ. ನಮ್ಮ ಮನೆಯ ಒಂದು ಸಾಲದ ಜೊತೆ ಇನ್ಶೂರೆನ್ಸ್ ಪಾಲಿಸಿಯನ್ನೂ "ಕಡ್ಡಾಯ ಸಾರ್" ಅಂತ ಅಂಟಿಸಲು ನೋಡಿದ್ದರು. ಕಡ್ಡಾಯ ಅಂತ ಬರೆದುಕೊಡಿ ಅಂದ ಕೂಡಲೇ ಆ ಮಾತೇ ನಿಂತಿತು. ನೀವೂ ಹಾಗೇ ಕೇಳಿ.

ಅರ್ಜಿ ತಿರಸ್ಕರಿಸಿದರೆ ಬಾಯಿ ಮಾತಿನ "ಆಗಲ್ಲ" ಒಪ್ಪಬೇಡಿ. ಮೇಲಧಿಕಾರಿಯ ಒಪ್ಪಿಗೆ ಇಲ್ಲದೆ ಶಾಖೆಯವರು ಓದಿನ ಸಾಲ ತಿರಸ್ಕರಿಸುವಂತಿಲ್ಲ ಅಂತ ಮಾದರಿ ಯೋಜನೆಯಲ್ಲೇ ಇದೆ. ಕಾರಣ ಲಿಖಿತವಾಗಿ ಕೇಳಿ. ವಿದ್ಯಾರ್ಥಿಯ ಸಿಬಿಲ್ ಸ್ಕೋರ್ (ಹಿಂದಿನ ಸಾಲ ಸರಿಯಾಗಿ ಕಟ್ಟಿದ್ದಾರಾ ಅನ್ನುವುದಕ್ಕೆ ಕೊಡುವ ಅಂಕ) ಕಡಿಮೆ ಅಂತ ಸಾಲ ನಿರಾಕರಿಸಿದ ಪ್ರಕರಣದಲ್ಲಿ 2023ರಲ್ಲಿ ಕೇರಳ ಹೈಕೋರ್ಟ್ ವಿದ್ಯಾರ್ಥಿಯ ಪರ ನಿಂತಿದೆ. ಬ್ಯಾಂಕಿಗೆ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ದೂರು ಬಗೆಹರಿಸುವ ಅಧಿಕಾರಿ) ಆನ್‌ಲೈನ್‌ನಲ್ಲೇ ದೂರು ಹಾಕಬಹುದು, ಖರ್ಚಿಲ್ಲ.

ಟ್ಯಾಕ್ಸ್ ಉಳಿಯುತ್ತದಾ?

ಎಲ್ಲರೂ ಹೇಳುವುದು 80ಇ ಸೆಕ್ಷನ್ ಬಗ್ಗೆ. (2026ರ ಏಪ್ರಿಲ್ 1ರಿಂದ ಅನ್ವಯಿಸುವ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ, ಜನರ ಬಾಯಲ್ಲಿ ಹಳೆಯ ಹೆಸರೇ ಉಳಿಯುತ್ತದೆ ಬಿಡಿ.) ಓದಿನ ಸಾಲದ ಬಡ್ಡಿಯನ್ನು ಆದಾಯದಿಂದ ಕಳೆಯಬಹುದು, ಮೇಲ್ಮಿತಿ ಇಲ್ಲ, ಕಟ್ಟಲು ಶುರು ಮಾಡಿದ ವರ್ಷದಿಂದ 8 ವರ್ಷ. ಅಸಲಿಗೆ ಇಲ್ಲ. ಬ್ಯಾಂಕು, ಮಾನ್ಯತೆ ಪಡೆದ ಹಣಕಾಸು ಸಂಸ್ಥೆ ಅಥವಾ ದತ್ತಿ ಸಂಸ್ಥೆಯ ಸಾಲ ಆಗಿರಬೇಕು. ಚಿಕ್ಕಪ್ಪ ಕೊಟ್ಟ ಕೈಸಾಲಕ್ಕೆ ಇಲ್ಲ. ಸಾಲ ಯಾರ ಹೆಸರಿನಲ್ಲಿದ್ದು ಯಾರು ಕಟ್ಟುತ್ತಾರೋ ಅವರಿಗೆ ಇದು.

ಕೇಳಲು ಚೆನ್ನಾಗಿದೆ. ಆದರೆ ಇದು, ಇಂಥ ಕಡಿತಗಳನ್ನು ತೋರಿಸಲು ಬಿಡುವ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಈಗ ನೀವೇನೂ ಆಯ್ಕೆ ಮಾಡದಿದ್ದರೆ ಹೊಸ ಪದ್ಧತಿಯೇ ಅನ್ವಯ, ಅಲ್ಲಿ 80ಇ ಇಲ್ಲ. ಸರಿ, ಹಳೆಯದಕ್ಕೆ ಹೋಗೋಣ ಅಂದರೆ? 8 ಲಕ್ಷ ಸಾಲದ ಹುಡುಗನಿಗೇ ಲೆಕ್ಕ ಹಾಕೋಣ. ಕಂತಿನ ಮೊದಲ ವರ್ಷ ಅವನು ಕಟ್ಟುವ ಬಡ್ಡಿ ಸುಮಾರು 1.05 ಲಕ್ಷ. ಅವನ ಸಂಬಳ ವರ್ಷಕ್ಕೆ 6 ಲಕ್ಷ ಇದ್ದರೆ ಹೊಸ ಪದ್ಧತಿಯಲ್ಲಿ ಅವನಿಗೆ ತೆರಿಗೆಯೇ ಇಲ್ಲ. 2025ರ ಬಜೆಟ್ ನಂತರ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆ ಸೊನ್ನೆ. ಸೊನ್ನೆಯಿಂದ ಇನ್ನೇನು ಉಳಿಸುವುದು?

ಸಂಬಳ 15 ಲಕ್ಷ ಅಂತಿಟ್ಟುಕೊಳ್ಳಿ, ಇಂಥವರು ಕಡಿಮೆ. ಹೊಸ ಪದ್ಧತಿಯಲ್ಲಿ ಸೆಸ್ ಸೇರಿ ತೆರಿಗೆ 97,500 ರೂಪಾಯಿ. ಹಳೆಯದರಲ್ಲಿ 50 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಾರರಿಗೆಲ್ಲ ಸಿಗುವ ಕಡಿತ), ಸಾಲದ ಬಡ್ಡಿ 1.05 ಲಕ್ಷ, ಜೊತೆಗೆ 80ಸಿ (ಪಿಎಫ್, ವಿಮೆಯಂಥ ಉಳಿತಾಯದ ಕಡಿತ) ಅಡಿ 1.5 ಲಕ್ಷ ಪೂರ್ತಿ ತೋರಿಸಿದರೂ ತೆರಿಗೆ 1,77,840. ಬಡ್ಡಿ ತೋರಿಸಿ ಉಳಿಸಲು ಹೋಗಿ 80 ಸಾವಿರ ಜಾಸ್ತಿ ಕಟ್ಟಿದ ಹಾಗಾಯಿತು. ದೊಡ್ಡ ಬಾಡಿಗೆಗೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ), ಮನೆ ಸಾಲದ ಬಡ್ಡಿ ಎಲ್ಲ ಇರುವವರಿಗೆ ಹಳೆಯದು ಲಾಭ ಆಗಬಹುದು, ಅವರಿಗೆ 80ಇ ಅದರ ಮೇಲೊಂದು ಸೇರ್ಪಡೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅಲ್ಲ. ಹಾಗಾಗಿ ಕೈಯಲ್ಲಿ ಎಫ್‌ಡಿ ಇಟ್ಟುಕೊಂಡು "ಟ್ಯಾಕ್ಸ್‌ಗೋಸ್ಕರ" ಸಾಲ ಮಾಡುವುದು ಶುದ್ಧ ನಷ್ಟ. ಎಫ್‌ಡಿಗೆ ಬರುವ ಬಡ್ಡಿ ಸಾಲದ ಬಡ್ಡಿಗಿಂತ ಕಡಿಮೆ, ಜೊತೆಗೆ ಆ ಬಡ್ಡಿಗೂ ತೆರಿಗೆ ಲೆಕ್ಕ ಇದೆ.

ಅಪ್ಪ ಅಮ್ಮ ಕಟ್ಟುವ ಬೋಧನಾ ಶುಲ್ಕವನ್ನು 80ಸಿ ಅಡಿ ತೋರಿಸಬಹುದು. ಎರಡು ಮಕ್ಕಳಿಗೆ, ಭಾರತದಲ್ಲಿನ ಪೂರ್ಣಾವಧಿ ಓದಿಗೆ, 1.5 ಲಕ್ಷದ ಮಿತಿಯೊಳಗೆ. ಡೊನೇಶನ್, ಡೆವಲಪ್‌ಮೆಂಟ್ ಶುಲ್ಕ, ಹಾಸ್ಟೆಲ್ ಬರುವುದಿಲ್ಲ. ಇದೂ ಹಳೆಯ ಪದ್ಧತಿಯದ್ದೇ.

ವಿದೇಶಕ್ಕೆ ದುಡ್ಡು ಕಳಿಸುವವರಿಗೆ ಒಂದು ಒಳ್ಳೆಯ ಸುದ್ದಿ. ಬ್ಯಾಂಕ್ ಸಾಲದಿಂದ ಕಟ್ಟುವ ಫೀಸಿಗೆ 2025ರ ಏಪ್ರಿಲ್‌ನಿಂದ ಟಿಸಿಎಸ್ (ದುಡ್ಡು ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆ) ಇಲ್ಲ. ಸ್ವಂತ ದುಡ್ಡಾದರೆ ವರ್ಷಕ್ಕೆ 10 ಲಕ್ಷ ದಾಟಿದ ಮೇಲಷ್ಟೇ. ಹಾಗೆ ಹಿಡಿದದ್ದು ಕಳೆದುಹೋದ ದುಡ್ಡಲ್ಲ, ರಿಟರ್ನ್ ಸಲ್ಲಿಸಿ ಹೊಂದಿಸಿಕೊಳ್ಳಬಹುದು.

ಬೇರೆ ಕಡೆ ಹೇಗಿದೆ

ಇಂಗ್ಲೆಂಡಿನಲ್ಲಿ 1998ರವರೆಗೆ ಅಲ್ಲಿನ ವಿದ್ಯಾರ್ಥಿಗಳಿಗೆ ಫೀಸೇ ಇರಲಿಲ್ಲ. ಆ ವರ್ಷ 1,000 ಪೌಂಡ್ ಬಂತು, 2006ರಲ್ಲಿ 3,000, 2012ರಲ್ಲಿ 9,000. ಅಲ್ಲೂ ಬೀದಿಗಿಳಿದು ಜಗಳ ಆಯಿತು. ಆದರೆ ಸಾಲ ವಸೂಲಿ ಮಾಡುವ ರೀತಿ ಬೇರೆ. 2023ರಿಂದ ಸೇರಿದವರಿಗೆ ವರ್ಷದ ಸಂಬಳ 25,000 ಪೌಂಡ್ ದಾಟುವವರೆಗೆ ಒಂದು ಪೈಸೆ ಕಟ್ಟಬೇಕಿಲ್ಲ. ದಾಟಿದರೆ ದಾಟಿದ ಭಾಗದ ಶೇ 9, ಅದೂ ತೆರಿಗೆಯ ಜೊತೆ ಸಂಬಳದಲ್ಲೇ ಕಡಿತ. 30,000 ಸಂಬಳ ಇದ್ದರೆ ವರ್ಷಕ್ಕೆ 450 ಪೌಂಡ್. ಕೆಲಸ ಹೋದರೆ ಕಡಿತವೂ ನಿಲ್ಲುತ್ತದೆ. 40 ವರ್ಷ ಆದ ಮೇಲೆ ಉಳಿದದ್ದು ಮಾಫಿ. ಇದು ಸಾಲವೋ ಪದವೀಧರರ ಮೇಲಿನ ತೆರಿಗೆಯೋ ಅಂತ ಅವರಲ್ಲೇ ವಾದ ಮುಗಿದಿಲ್ಲ. ಆಸ್ಟ್ರೇಲಿಯಾ 1989ರಲ್ಲೇ ಈ ಥರದ ಪದ್ಧತಿ ತಂದಿತ್ತು.

ನಮ್ಮಲ್ಲಿ ಇದು ಬಂದರೆ ಒಳ್ಳೆಯದು ಅನ್ನುವವನು ನಾನು. ಕಷ್ಟವೂ ಕಾಣುತ್ತದೆ. ನಮ್ಮಲ್ಲಿ ಬಹಳ ಜನರ ಆದಾಯ ಲೆಕ್ಕಕ್ಕೇ ಸಿಗುವುದಿಲ್ಲ. ಸಂಬಳದ ಚೀಟಿ ಇರುವವನಿಂದ ಕಡಿದುಕೊಂಡು, ಅಂಗಡಿ ಇಟ್ಟವನನ್ನು ಬಿಟ್ಟ ಹಾಗಾಗುತ್ತದೆ. ಅಂಥದ್ದೊಂದು ಬರುವವರೆಗೆ ಕೆಲಸ ಸಿಗದಿರುವ ಅಪಾಯ ಪೂರ್ತಿ ನಿಮ್ಮ ಮನೆಯ ಮೇಲೆ. ಸಂಬಳದ ಕಾಲು ಭಾಗ ಅಂತ ನಾನು ಪಟ್ಟು ಹಿಡಿಯುವುದು ಅದಕ್ಕೇ.

ಕಂತು ಕಟ್ಟಲು ಆಗದಿದ್ದರೆ, ಕಟ್ಟಿ ಮುಗಿಸಿದರೆ

ಕೆಲಸ ಸಿಕ್ಕಿಲ್ಲ, ಮೊರಟೋರಿಯಂ ಮುಗಿಯಿತು ಅಂದರೆ ಫೋನ್ ಆಫ್ ಮಾಡಿ ಕೂರಬೇಡಿ. 90 ದಿನ ಕಂತು ಬಾಕಿ ಬಿದ್ದರೆ ಖಾತೆ ಎನ್‌ಪಿಎ (ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ) ಆಗುತ್ತದೆ, ಆಮೇಲೆ ಮಾತುಕತೆಯ ಧಾಟಿಯೇ ಬದಲಾಗುತ್ತದೆ. ಮಗನ ಜೊತೆ ಅಪ್ಪನ ಸಿಬಿಲ್ ಕೂಡ ಕೆಡುತ್ತದೆ, ನಾಳೆ ತಂಗಿಯ ಓದಿಗೆ ಸಾಲ ಕೇಳಲು ಹೋದಾಗ ಅದೇ ಎದುರಾಗುತ್ತದೆ. ಮೊದಲ ಕಂತಿನ ಮುಂಚೆಯೇ ಶಾಖೆಗೆ ಹೋಗಿ ಕೆಲಸ ಸಿಕ್ಕಿಲ್ಲ ಅಂತ ಲಿಖಿತ ಅರ್ಜಿ ಕೊಡಿ, ಅವಧಿ ಹಿಗ್ಗಿಸಲು ಅಥವಾ ಸ್ವಲ್ಪ ಕಾಲ ಬಡ್ಡಿ ಮಾತ್ರ ಕಟ್ಟಲು ಕೇಳಿ, ಸ್ವೀಕೃತಿ ಸಹಿ ತಗೊಳ್ಳಿ.

ಬೋನಸ್ ಬಂದರೆ ಅಸಲಿಗೆ ಹಾಕಿ. ಬದಲಾಗುವ ಬಡ್ಡಿ ದರದ ವೈಯಕ್ತಿಕ ಸಾಲಗಳಿಗೆ ಮುಂಗಡ ಕಟ್ಟಿದರೆ ದಂಡ ಹಾಕುವಂತಿಲ್ಲ, ಇದು ರಿಸರ್ವ್ ಬ್ಯಾಂಕ್ ನಿಯಮ. ಕಟ್ಟುವಾಗ "ಅಸಲಿಗೆ" ಅಂತ ಹೇಳಿ, ಅವಧಿ ಕಡಿಮೆ ಮಾಡಿಸಿ, ಕಂತಿನ ಮೊತ್ತ ಹಾಗೇ ಇರಲಿ.

ಪೂರ್ತಿ ತೀರಿದ ಮೇಲೆ ಎನ್‌ಒಸಿ (ಬಾಕಿ ಇಲ್ಲ ಅನ್ನುವ ಪತ್ರ) ತಗೊಂಡು, ಸಿಬಿಲ್‌ನಲ್ಲಿ ಖಾತೆ ಮುಚ್ಚಿದೆ ಅಂತ ಬಂದಿದೆಯಾ ನೋಡಿ. ಸೈಟು, ಮನೆ ಅಡ ಇಟ್ಟಿದ್ದರೆ ಮೂಲ ಪತ್ರಗಳನ್ನು 30 ದಿನದೊಳಗೆ ವಾಪಸ್ ಕೊಡಬೇಕು. 2023ರ ಡಿಸೆಂಬರ್ 1ರಿಂದ ಈ ನಿಯಮ ಇದೆ. ಬ್ಯಾಂಕಿನ ಕಡೆಯಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಅವರೇ ನಿಮಗೆ ಕೊಡಬೇಕು.